ನೆರೆಯ ಯಂತ್ರ ಎಷ್ಟು ಹೊತ್ತು ಕಾಯಬೇಕು? – ಜಾಲ ಸ್ವಿಚ್‌ಗಳಲ್ಲಿ ಗ್ರೇಸ್‌ಫುಲ್ ರೀಸ್ಟಾರ್ಟ್ ಅಳವಡಿಕೆ

ವಾಯಿದೆಯ ಬಿಲ್ಲು ಅಥವಾ ಪ್ರಾಮಿಸರಿ ನೋಟಿನ ವ್ಯವಹಾರ ಬಲ್ಲ ಸದಸ್ಯರಿಗೆ ಗ್ರೇಸ್ ದಿನಗಳ ವಿಚಾರವನ್ನು ವಿವರಿಸಬೇಕಾದ ಅಗತ್ಯವಿಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಅಧಿನಿಯಮದ 22ನೆಯ ಪ್ರಕರಣದಂತೆ, ಕೇಳಿದೊಡನೆ ಪಾವತಿ ಮಾಡಬೇಕೆಂದು ಬರೆದಿರದ ಪತ್ರವು ತನ್ನಲ್ಲಿ ನಮೂದಾದ ದಿನದ ನಂತರದ ಮೂರನೆಯ ದಿನ ವಾಯಿದೆಗೆ ಬರುತ್ತದೆ. ಆ ಮೂರು ದಿನ ಸಾಲಗಾರನನ್ನು ಮಾತಿಗೆ ತಪ್ಪಿದವನೆಂದು ಯಾರೂ ಕರೆಯುವಂತಿಲ್ಲ. ಗಣಕ ಜಾಲಗಳಲ್ಲಿಯೂ ಇಂತಹದೇ ಒಂದು ಪದ್ಧತಿ ಇದೆ. ಒಂದು ಸ್ವಿಚ್‌ನ ತಂತ್ರಾಂಶವು ನಿಂತು ಪುನಃ ಆರಂಭವಾಗುವಾಗ ಅದರ ನೆರೆಯ ಯಂತ್ರಗಳು ಅದನ್ನು 'ಸತ್ತಿದೆ' ಎಂದು ಸಾರದೆ, ಮೊದಲೇ ಒಪ್ಪಿದ ಅವಧಿಯವರೆಗೆ ಕಾಯುತ್ತವೆ. ಇದಕ್ಕೆ ಗ್ರೇಸ್‌ಫುಲ್ ರೀಸ್ಟಾರ್ಟ್ ಎಂದು ಹೆಸರು. ಕಾಯುವ ಅವಧಿಗೆ ಗ್ರೇಸ್ ಪೀರಿಯಡ್ ಎನ್ನುತ್ತಾರೆ.

ಸಾಲ ಕೊಟ್ಟವನು ಮೂರು ದಿನ ಕಾಯುವುದು ಸಾಲಗಾರನ ಅಂಗಡಿ ನಡೆಯುತ್ತಿದೆ ಎಂಬ ನಂಬಿಕೆಯಿಂದ. ಅಂಗಡಿಗೇ ಬೀಗ ಬಿದ್ದಿದ್ದರೆ ಕಾಯುವುದರಿಂದ ನಷ್ಟವೇ ಹೆಚ್ಚುತ್ತದೆ. ಜಾಲದಲ್ಲಿಯೂ ಲೆಕ್ಕ ಅದೇ. ಈ ಒಂದು ಅಂಶವನ್ನು ಗಮನಿಸದೆ ಈ ಲೇಖಕನು ರಾಜರಾಜೇಶ್ವರಿನಗರದ ಒಂದು ಉದ್ಯಮದಲ್ಲಿ ಮಾಡಿದ ತಪ್ಪನ್ನು ಮುಂದೆ ಹೇಳಲಿದ್ದೇನೆ. ಅದಕ್ಕೆ ಮುನ್ನ ವಿಷಯವನ್ನು ಸ್ವಲ್ಪ ವಿವರಿಸುವುದು ಅಗತ್ಯ.

ನಮಗೇಕೆ ಈ ವಿಚಾರ?

ಇದು ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ತಲೆನೋವು, ಬೋಲ್ಟು ನಟ್ಟು ಮಾಡುವ ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಇಪ್ಪತ್ತು ವರ್ಷಗಳ ಹಿಂದೆ ಆ ಮಾತು ನಿಜವಾಗಿತ್ತು. ಅಂದು ಅಂತರ್ಜಾಲ ಒಂದು ದಿನ ನಿಂತರೂ ಬಿಲ್ ಪುಸ್ತಕದಲ್ಲಿ ಬರೆದು ಮಾಲು ಕಳುಹಿಸಬಹುದಾಗಿತ್ತು. ವ್ಯಾಟ್ ಕಾಲದಲ್ಲಿ ನಮ್ಮ ರಾಜ್ಯದಲ್ಲಿ ಇ-ಸುಗಮ್ ಬಂತು. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಜಾರಿಗೆ ಬಂತು. ಇದನ್ನು ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕವೇ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ಯಮಗಳು ಇತರ ವರ್ತಕರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಮಾಡಬೇಕಾಗಿದೆ. ಅಂದರೆ ಕುಂಬಳಗೋಡಿನ ಒಂದು ಮಧ್ಯಮ ಗಾತ್ರದ ಕಾರ್ಖಾನೆಯ ಗೇಟಿನಿಂದ ಲಾರಿ ಹೊರಡಬೇಕಾದರೆ ಅಲ್ಲಿಯ ಗಣಕಯಂತ್ರವು ಕಚೇರಿಯ ಸರ್ವರ್‌ನೊಡನೆಯೂ ಸರ್ಕಾರದ ಪೋರ್ಟಲ್‌ನೊಡನೆಯೂ ಮಾತನಾಡಲೇಬೇಕು.

ಮೈಸೂರು ರಸ್ತೆಯ ಈ ಪಟ್ಟಿಯಲ್ಲಿ ಅನೇಕ ಸದಸ್ಯರ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ ಬಗೆಯದು. ರಾಜರಾಜೇಶ್ವರಿನಗರದಲ್ಲಿ ಕಚೇರಿ ಮತ್ತು ಸರ್ವರ್ ಕೊಠಡಿ, ಕೆಂಗೇರಿಯ ಕಡೆ ಗೋದಾಮು, ಕುಂಬಳಗೋಡು ಅಥವಾ ಬಿಡದಿಯಲ್ಲಿ ಕಾರ್ಖಾನೆ. ಇವುಗಳ ನಡುವೆ ಬಾಡಿಗೆಗೆ ಪಡೆದ ಒಂದು ಫೈಬರ್ ದಾರಿ. ರಸ್ತೆ ಅಗೆತದಲ್ಲಿ ಅದು ಆಗಾಗ ತುಂಡಾಗುವುದರಿಂದ ಪರ್ಯಾಯವಾಗಿ ಸಾಮಾನ್ಯ ಬ್ರಾಡ್‌ಬ್ಯಾಂಡ್ ಮೇಲೆ ಇನ್ನೊಂದು ದಾರಿ. ಮೊದಲನೆಯದು ಹೋದಾಗ ಯಾರೂ ಕೈಹಾಕದೆ ಎರಡನೆಯದಕ್ಕೆ ಸಂಚಾರ ತಿರುಗಬೇಕೆಂದೇ ಓಎಸ್‌ಪಿಎಫ್ ಎಂಬ ರೂಟಿಂಗ್ ಪ್ರೋಟೊಕಾಲನ್ನು, ಅಂದರೆ ಮಾರ್ಗನಿರ್ಣಯದ ನಿಯಮಾವಳಿಯನ್ನು, ಲೇಯರ್ 3 ಸ್ವಿಚ್‌ಗಳಲ್ಲಿ ಅಳವಡಿಸುತ್ತಾರೆ. ಇದರ ಈಗಿನ ಎರಡನೆಯ ಆವೃತ್ತಿಯನ್ನು 1998ರ ಆರ್‌ಎಫ್‌ಸಿ 2328ರಲ್ಲಿ ವಿವರಿಸಲಾಗಿದೆ. ಒಂದೇ ದಾರಿ ಇರುವವರಿಗೆ ಇದಾವುದೂ ಬೇಕಾಗಿಲ್ಲ; ಸ್ಥಿರವಾಗಿ ಒಂದು ಸಾಲು ಮಾರ್ಗ ಬರೆದುಕೊಂಡರೆ ಸಾಕು. ಅಂತಹವರಿಗೆ ಓಎಸ್‌ಪಿಎಫ್ ಮಾರಲು ಬರುವವರಿಂದ ಎಚ್ಚರವಾಗಿರುವುದು ಒಳಿತು.

ಗುಮಾಸ್ತ ಮತ್ತು ಹಮಾಲಿ

ಲೇಯರ್ 3 ಸ್ವಿಚ್‌ನ ಒಳಗೆ ಎರಡು ಭಾಗಗಳಿರುತ್ತವೆ. ಲಾರಿ ಪಾರ್ಸೆಲ್ ಕಚೇರಿಯನ್ನು ಮನಸ್ಸಿಗೆ ತಂದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮೇಜಿನ ಮುಂದೆ ಕುಳಿತ ಗುಮಾಸ್ತನು ಯಾವ ಊರಿನ ಗಂಟು ಯಾವ ಲಾರಿಗೆ ಎಂದು ಪಟ್ಟಿ ಬರೆಯುತ್ತಾನೆ. ಬೇರೆ ಶಾಖೆಗಳ ಗುಮಾಸ್ತರೊಡನೆ ಫೋನಿನಲ್ಲಿ ಮಾತನಾಡಿ, ಒಂದು ದಾರಿ ಮುಚ್ಚಿದ್ದರೆ ಪಟ್ಟಿಯನ್ನು ತಿದ್ದುತ್ತಾನೆ. ಹಮಾಲಿಗಳು ಗೋಡೆಗೆ ಅಂಟಿಸಿದ ಆ ಪಟ್ಟಿ ನೋಡಿ ಗಂಟು ಎತ್ತಿ ಹಾಕುತ್ತಾರೆ. ಸ್ವಿಚ್‌ನಲ್ಲಿ ಓಎಸ್‌ಪಿಎಫ್ ತಂತ್ರಾಂಶ ಓಡುವ ಪ್ರೊಸೆಸರ್ ಈ ಗುಮಾಸ್ತ. ಪೋರ್ಟುಗಳ ಹಿಂದಿರುವ, ಪ್ಯಾಕೆಟ್ಟುಗಳನ್ನು ಸಾಗಿಸುವ ಚಿಪ್ ಹಮಾಲಿ.

ಗುಮಾಸ್ತನು ಹತ್ತು ನಿಮಿಷ ಎದ್ದು ಹೋದರೆ ಹಮಾಲಿಗಳ ಕೆಲಸ ನಿಲ್ಲಬೇಕಾಗಿಲ್ಲ, ಗೋಡೆಯ ಪಟ್ಟಿ ಇದೆಯಲ್ಲ. ಆದರೆ ಓಎಸ್‌ಪಿಎಫ್‌ನ ಮೂಲ ನಿಯಮ ಹಾಗೆ ಯೋಚಿಸುವುದಿಲ್ಲ. ನೆರೆಯ ಯಂತ್ರಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ 'ಹಲೋ' ಸಂದೇಶ ಕಳುಹಿಸಿಕೊಳ್ಳುತ್ತವೆ. 40 ಸೆಕೆಂಡು ಹಲೋ ಬಾರದಿದ್ದರೆ ನೆರೆಯವನು ಸತ್ತನೆಂದು ತೀರ್ಮಾನಿಸಿ ಇಡೀ ಜಾಲಕ್ಕೆ ಸಾರುತ್ತವೆ. ಇನ್ನೂ ಒಂದು ಸೂಕ್ಷ್ಮವಿದೆ. ಗುಮಾಸ್ತನು ಐದೇ ಸೆಕೆಂಡಿನಲ್ಲಿ ಮರಳಿ ಬಂದರೂ, ಹೊಸದಾಗಿ ಆರಂಭವಾದ ತಂತ್ರಾಂಶವು ಕಳುಹಿಸುವ ಮೊದಲ ಹಲೋದಲ್ಲಿ ನೆರೆಯವರ ಹೆಸರುಗಳು ಇರುವುದಿಲ್ಲ. ತನ್ನ ಹೆಸರಿಲ್ಲದ ಹಲೋ ಕಂಡೊಡನೆ ನೆರೆಯ ಯಂತ್ರವು 40 ಸೆಕೆಂಡನ್ನೂ ಕಾಯದೆ ಸಂಬಂಧ ಕಡಿದುಕೊಳ್ಳುತ್ತದೆ. ಆನಂತರ ಎರಡೂ ಯಂತ್ರಗಳು ತಮ್ಮ ದಾಖಲೆಗಳನ್ನು ಮೊದಲಿನಿಂದ ಹೊಂದಿಸಿಕೊಳ್ಳಬೇಕು, ಎಲ್ಲ ಯಂತ್ರಗಳೂ ಮಾರ್ಗಗಳನ್ನು ಪುನಃ ಲೆಕ್ಕಹಾಕಬೇಕು. ಹಮಾಲಿ ಒಂದು ಕ್ಷಣವೂ ನಿಲ್ಲದಿದ್ದರೂ ಗಂಟು ಅತ್ತ ಬರುವುದೇ ಇಲ್ಲ.

ಈ ಅನ್ಯಾಯವನ್ನು ಸರಿಪಡಿಸಲೆಂದೇ 2003ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 3623 ಪ್ರಕಟವಾಯಿತು. ಮೂಲ ಓಎಸ್‌ಪಿಎಫ್ ದಾಖಲೆಯನ್ನು ಬರೆದ ಜಾನ್ ಮಾಯ್ ಇದರ ಲೇಖಕರಲ್ಲಿಯೂ ಒಬ್ಬರು. ಅದರ ಪ್ರಕಾರ, ಪುನರಾರಂಭಗೊಳ್ಳಲಿರುವ ಯಂತ್ರವು ಮೊದಲು ಗ್ರೇಸ್ ಎಲ್‌ಎಸ್‌ಎ ಎಂಬ ಒಂದು ಚೀಟಿಯನ್ನು ನೆರೆಯವರಿಗೆ ಕಳುಹಿಸುತ್ತದೆ. ಎಷ್ಟು ಸೆಕೆಂಡು ಕಾಯಬೇಕು, ಕಾರಣವೇನು ಎಂಬುದು ಅದರಲ್ಲಿರುತ್ತದೆ: ತಂತ್ರಾಂಶದ ಪುನರಾರಂಭವೋ, ಹೊಸ ಆವೃತ್ತಿಯ ಅಳವಡಿಕೆಯೋ, ಜೋಡಿ ಪ್ರೊಸೆಸರಿಗೆ ಕೆಲಸ ವಹಿಸುವುದೋ ಎಂದು. ಚೀಟಿ ಪಡೆದ ನೆರೆಯವನು 'ಸಹಾಯಕ'ನಾಗಿ, ಏನೂ ಆಗಿಲ್ಲವೆಂಬಂತೆ ಮಾರ್ಗವನ್ನು ಉಳಿಸಿಕೊಂಡು ಕಾಯುತ್ತಾನೆ. ಕಾಯುವ ಅವಧಿ 1800 ಸೆಕೆಂಡು, ಅಂದರೆ ಅರ್ಧ ಗಂಟೆ ಮೀರಬಾರದೆಂದು ಆ ದಾಖಲೆಯೇ ಹೇಳುತ್ತದೆ.

ಚೀಟಿ ಕಳುಹಿಸುವವನು ತನ್ನ ಸಾಗಣೆ ಪಟ್ಟಿ ಸರಿಯಾಗಿದೆ, ಪುನರಾರಂಭದ ಉದ್ದಕ್ಕೂ ಅದು ಸ್ಥಳದಲ್ಲಿಯೇ ಇರುತ್ತದೆ ಎಂದು ಖಚಿತಪಡಿಸಿಕೊಂಡಿರಬೇಕೆಂಬುದೂ ಅದೇ ದಾಖಲೆಯಲ್ಲಿದೆ. ನಾನು ಓದಿಯೂ ಮನಸ್ಸಿಗೆ ತೆಗೆದುಕೊಳ್ಳದಿದ್ದುದು ಈ ಮಾತನ್ನೇ.

ಏಳು ನಿಮಿಷ

2024ರ ಮಾರ್ಚ್ ತಿಂಗಳ ಕೊನೆಯ ಶನಿವಾರ. ವರ್ಷಾಂತ್ಯದ ರವಾನೆಗಳು ನಡೆದಿದ್ದವು. ರಾಜರಾಜೇಶ್ವರಿನಗರದ ಆ ಯಂತ್ರಭಾಗ ತಯಾರಕರ ಕಚೇರಿಯಲ್ಲಿ ಫೈಬರ್ ದಾರಿ ಬಂದು ಸೇರುವ ಲೇಯರ್ 3 ಸ್ವಿಚ್ ಒಂದಿತ್ತು. ಪಕ್ಕದಲ್ಲಿ ಬ್ರಾಡ್‌ಬ್ಯಾಂಡ್ ದಾರಿಗೆ ಒಂದು ಚಿಕ್ಕ ರೂಟರ್. ಎರಡೂ ಸರ್ವರ್ ಜಾಲಕ್ಕೆ ಜೋಡಣೆಯಾಗಿದ್ದವು. ಕುಂಬಳಗೋಡಿನ ಕಾರ್ಖಾನೆಯ ಸ್ವಿಚ್‌ಗೆ ಈ ಎರಡೂ ಕಡೆಯಿಂದ ದಾರಿಯಿತ್ತು. ಮುಖ್ಯ ಸ್ವಿಚ್‌ನ ತಂತ್ರಾಂಶದಲ್ಲಿ ಒಂದು ಭದ್ರತಾ ದೋಷವಿದ್ದುದರಿಂದ ಹೊಸ ಆವೃತ್ತಿ ಹಾಕಬೇಕಾಗಿತ್ತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮುಗಿಸೋಣವೆಂದು ನಾನೇ ಮಾಲೀಕರಿಗೆ ಹೇಳಿದೆ. "ಕೆಲಸ ನಿಲ್ಲುವುದಿಲ್ಲವೇ ಸ್ವಾಮಿ?" ಎಂದು ಅವರು ಕೇಳಿದರು. ಗ್ರೇಸ್‌ಫುಲ್ ರೀಸ್ಟಾರ್ಟ್ ಇದೆ, ಯಾರಿಗೂ ತಿಳಿಯುವುದೇ ಇಲ್ಲ ಎಂದು ಧೈರ್ಯ ಹೇಳಿದೆ.

ಆ ಸ್ವಿಚ್ ಪೂರ್ತಿಯಾಗಿ ರೀಲೋಡ್ ಆಗಲು ಏಳು ನಿಮಿಷ ಬೇಕಾಗುತ್ತದೆಂದು ನನಗೆ ಗೊತ್ತಿತ್ತು. ಆದ್ದರಿಂದ ಜಾಣತನವೆಂದುಕೊಂಡು ಗ್ರೇಸ್ ಅವಧಿಯನ್ನು 600 ಸೆಕೆಂಡಿಗೆ, ಅಂದರೆ ಹತ್ತು ನಿಮಿಷಕ್ಕೆ ಇರಿಸಿದೆ. ಮುನ್ಸೂಚನೆಯ ಚೀಟಿ ಸರಿಯಾಗಿಯೇ ಹೋಯಿತು. ಕಾರ್ಖಾನೆಯ ಸ್ವಿಚ್ಚೂ ಪಕ್ಕದ ರೂಟರೂ ಸಹಾಯಕ ಸ್ಥಿತಿಗೆ ಬಂದವು. ಆನಂತರ ಸ್ವಿಚ್ ರೀಲೋಡ್ ಆಯಿತು.

ಅದು ಒಂದೇ ಪೆಟ್ಟಿಗೆಯ ಸ್ವಿಚ್. ರೀಲೋಡ್ ಆಗುವಾಗ ಗುಮಾಸ್ತನೊಬ್ಬನೇ ಎದ್ದು ಹೋಗಲಿಲ್ಲ. ಗೋಡೆಯ ಪಟ್ಟಿಯೂ ಹರಿಯಿತು, ಹಮಾಲಿಯೂ ಮನೆಗೆ ಹೋದ. ನೆರೆಯವರು ಮಾತ್ರ ಕೊಟ್ಟ ಮಾತಿನಂತೆ ಕಾಯುತ್ತ, ಬಂದ ಪ್ಯಾಕೆಟ್ಟುಗಳನ್ನೆಲ್ಲ ಆ ಸತ್ತ ಪೆಟ್ಟಿಗೆಯ ಕಡೆಗೇ ಕಳುಹಿಸುತ್ತ ಕುಳಿತರು. ಕೇಬಲ್ ನೇರವಾಗಿ ಎರಡು ಯಂತ್ರಗಳ ನಡುವೆ ಇದ್ದಿದ್ದರೆ ಪೋರ್ಟ್ ಆರಿದ್ದನ್ನು ಕಂಡಾದರೂ ನೆರೆಯವರು ಎಚ್ಚೆತ್ತುಕೊಳ್ಳುತ್ತಿದ್ದರು. ಆದರೆ ಫೈಬರ್ ದಾರಿಯ ಎರಡು ತುದಿಗಳಲ್ಲಿಯೂ ಸೇವಾದಾರರ ಮೀಡಿಯಾ ಕನ್ವರ್ಟರ್‌ಗಳಿದ್ದವು. ಕಾರ್ಖಾನೆಯ ಕಡೆಯ ದೀಪ ಹಸಿರಾಗಿಯೇ ಉರಿಯುತ್ತಿತ್ತು. ಪ್ರತಿ ತಿಂಗಳು ಹಣ ಕಟ್ಟಿ ಇರಿಸಿಕೊಂಡಿದ್ದ ಬ್ರಾಡ್‌ಬ್ಯಾಂಡ್ ದಾರಿ ಆ ಏಳು ನಿಮಿಷವೂ ಖಾಲಿಯಾಗಿತ್ತು. ಗ್ರೇಸ್‌ಫುಲ್ ರೀಸ್ಟಾರ್ಟ್ ಅನ್ನು ನಾನು ಅಳವಡಿಸದೇ ಇದ್ದಿದ್ದರೆ 40 ಸೆಕೆಂಡಿನಲ್ಲಿ ಎಲ್ಲವೂ ಆ ದಾರಿಗೆ ತಿರುಗಿರುತ್ತಿತ್ತು.

ಏಳು ನಿಮಿಷವೇನು ಮಹಾ ಎನ್ನಬಹುದು. ರವಾನೆ ವಿಭಾಗದಲ್ಲಿ ಆ ಹೊತ್ತಿಗೆ ಬಾರ್‌ಕೋಡ್ ಓದಿಸಿ ಪೆಟ್ಟಿಗೆಗಳನ್ನು ಲಾರಿಗೆ ಏರಿಸುತ್ತಿದ್ದರು. ಅರ್ಧ ನಮೂದುಗಳು ಸರ್ವರ್‌ಗೆ ಸೇರಿದವು, ಅರ್ಧ ಸೇರಲಿಲ್ಲ. ಹುಡುಗರು ಕೆಲವನ್ನು ಎರಡನೆಯ ಸಲ ಓದಿಸಿದರು. ಲಾರಿ ತಡವಾಗಿಯಾದರೂ ಹೊರಟಿತು. ಆದರೆ ಸೋಮವಾರ ದಾಸ್ತಾನಿನ ಲೆಕ್ಕ ಕೂಡಲಿಲ್ಲ. ವರ್ಷಾಂತ್ಯದ ದಾಸ್ತಾನು ಪಟ್ಟಿಯನ್ನು ಲೆಕ್ಕ ಪರಿಶೋಧಕರಿಗೆ ಕೊಡಬೇಕಾದ ಸಮಯದಲ್ಲಿ ಇಬ್ಬರು ಗುಮಾಸ್ತರು, ಈ ಬಾರಿ ನಿಜವಾದ ಗುಮಾಸ್ತರು, ಎರಡು ದಿನ ಕುಳಿತು ಪೆಟ್ಟಿಗೆಗಳನ್ನು ಕೈಯಿಂದ ಎಣಿಸಿದರು. ಮಾಲೀಕರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹಾಗಾದರೆ ಇದು ಯಾರಿಗೆ?

ಗುಮಾಸ್ತನು ಎದ್ದರೂ ಹಮಾಲಿ ನಿಲ್ಲದ ಯಂತ್ರ ಇರುವವರಿಗೆ. ಎರಡು ಸೂಪರ್‌ವೈಸರ್ ಕಾರ್ಡುಗಳಿರುವ ದೊಡ್ಡ ಸ್ವಿಚ್‌ನಲ್ಲಿ ಒಂದು ಕಾರ್ಡು ಬಿದ್ದರೆ ಇನ್ನೊಂದು ಕೆಲಸ ಹಿಡಿಯುತ್ತದೆ. ಪೋರ್ಟುಗಳ ಕಾರ್ಡುಗಳು ಈ ಮಧ್ಯೆ ಸಾಗಣೆ ಮುಂದುವರಿಸುತ್ತವೆ. ಎರಡು ಮೂರು ಸ್ವಿಚ್‌ಗಳನ್ನು ಕೂಡಿಸಿ ಒಂದಾಗಿ ನಡೆಸುವ ಸ್ಟ್ಯಾಕ್ ವ್ಯವಸ್ಥೆಯಲ್ಲಿ ಯಜಮಾನ ಸ್ವಿಚ್ ಬಿದ್ದರೆ ಉಳಿದವುಗಳ ಪೋರ್ಟುಗಳು ಬದುಕಿರುತ್ತವೆ, ಯಂತ್ರದ ತಯಾರಕರು ಅದಕ್ಕೆ ಬೆಂಬಲ ಕೊಟ್ಟಿದ್ದರೆ. ಇನ್ನು ಕೆಲವು ಸ್ವಿಚ್‌ಗಳಲ್ಲಿ ಓಎಸ್‌ಪಿಎಫ್ ಒಂದು ಪ್ರತ್ಯೇಕ ಪ್ರಕ್ರಿಯೆಯಾಗಿ ಓಡುತ್ತಿದ್ದು, ಅದು ಮಾತ್ರ ಕುಸಿದು ಮತ್ತೆ ಏಳಬಲ್ಲದು. ಇವುಗಳಲ್ಲಿ ಗ್ರೇಸ್‌ಫುಲ್ ರೀಸ್ಟಾರ್ಟ್ ನಿಜಕ್ಕೂ ಬೆಲೆಯುಳ್ಳದ್ದು.

ಒಂದೇ ಪೆಟ್ಟಿಗೆಯ ಚಿಕ್ಕ ಸ್ವಿಚ್ ಇರುವವರು ಇದನ್ನು ಪೂರ್ತಿಯಾಗಿ ಮರೆಯಬೇಕೆಂದಲ್ಲ. ಅಂತಹ ಸ್ವಿಚ್ ಸಹಾಯಕನ ಪಾತ್ರವನ್ನು ಮಾಡಬಲ್ಲದು. ಎದುರುಗಡೆ ಜೋಡಿ ಕಾರ್ಡಿನ ಯಂತ್ರವಿದ್ದರೆ ಅದಕ್ಕಾಗಿ ಕಾಯಬಲ್ಲದು. ಮಾರಾಟದ ಕರಪತ್ರದಲ್ಲಿ 'ಗ್ರೇಸ್‌ಫುಲ್ ರೀಸ್ಟಾರ್ಟ್ ಇದೆ' ಎಂದು ಬರೆದಿದ್ದರೆ ಅದು ಕೇವಲ ಕಾಯುವ ಸಾಮರ್ಥ್ಯವೋ, ತಾನೇ ಪುನರಾರಂಭಗೊಳ್ಳುವಾಗ ಸಾಗಣೆಯನ್ನು ಉಳಿಸಿಕೊಳ್ಳುವ ಸಾಮರ್ಥ್ಯವೋ ಎಂದು ಲಿಖಿತವಾಗಿ ಕೇಳಿಕೊಳ್ಳಬೇಕು. ಓಎಸ್‌ಪಿಎಫ್‌ಗೆ ಬೇರೆ ಪರವಾನಗಿ ಶುಲ್ಕ ಉಂಟೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿದರೆ ಮುಂದೆ ಒಂದು ಜಗಳ ತಪ್ಪುತ್ತದೆ.

ವಿದ್ಯುತ್ ಹೋದಾಗ ಇದು ಕಾಪಾಡುವುದಿಲ್ಲ ಎಂಬುದನ್ನು ಹೇಳದಿದ್ದರೆ ಆಗದು. ಯುಪಿಎಸ್ ಬ್ಯಾಟರಿಗೆ ಕೊಡಬೇಕಾದ ಹಣವನ್ನು ಇದಕ್ಕೆ ಹಾಕಿದವರನ್ನೂ ಕಂಡಿದ್ದೇನೆ.

ಅಳವಡಿಸುವ ಕ್ರಮ

ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಯಂತ್ರಕ್ಕೆ ಇಂಗ್ಲಿಷ್ ಅಕ್ಷರದಲ್ಲಿಯೇ ಕೊಡಬೇಕು. ತಂತ್ರಜ್ಞರು ಮಾಡುವ ಕೆಲಸವೇ ಆದರೂ ಮಾಲೀಕರು ಪಕ್ಕದಲ್ಲಿ ನಿಂತು ನೋಡುವಷ್ಟು ತಿಳಿದಿದ್ದರೆ ಒಳ್ಳೆಯದು.

ಮೊದಲು ಪ್ರತಿಯೊಂದು ಸ್ವಿಚ್‌ಗೂ ರೂಟರ್-ಐಡಿಯನ್ನು ಕೈಯಾರೆ ಬರೆದು ಸ್ಥಿರಗೊಳಿಸಬೇಕು. ಅದನ್ನು ಯಂತ್ರದ ಇಷ್ಟಕ್ಕೆ ಬಿಟ್ಟರೆ ಪುನರಾರಂಭದ ನಂತರ ಬೇರೆ ಗುರುತಿನಿಂದ ಎದ್ದು ಬರಬಹುದು. ರಾಮಪ್ಪನಿಗಾಗಿ ಕಾಯುತ್ತಿದ್ದ ನೆರೆಯವರು ಭೀಮಪ್ಪನನ್ನು ಒಳಗೆ ಬಿಡುವುದಿಲ್ಲ. ಗ್ರೇಸ್ ಚೀಟಿಯು ಒಪೇಕ್ ಎಲ್‌ಎಸ್‌ಎ ಎಂಬ ಬಗೆಯ ಸಂದೇಶವಾದುದರಿಂದ, ಆ ಸೌಲಭ್ಯವನ್ನು ಯಾರಾದರೂ ಹಿಂದೆ ಮುಚ್ಚಿದ್ದರೆ ಅದನ್ನು ತೆರೆಯಬೇಕು.

ಸಿಸ್ಕೊ ಐಒಎಸ್ ಇರುವ ಯಂತ್ರಗಳಲ್ಲಿ ಈ ಸೌಲಭ್ಯವನ್ನು ಎನ್‌ಎಸ್‌ಎಫ್ ಎಂಬ ಹೆಸರಿನಿಂದ ಕರೆಯುತ್ತಾರೆ. 'ರೂಟರ್ ಓಎಸ್‌ಪಿಎಫ್ 1' ಎಂಬ ಭಾಗದೊಳಗೆ ಹೋಗಿ 'ಎನ್‌ಎಸ್‌ಎಫ್ ಐಇಟಿಎಫ್ ರೀಸ್ಟಾರ್ಟ್-ಇಂಟರ್ವಲ್ 120' ಎಂದು ಕೊಡಬೇಕು. ಇಲ್ಲಿ 'ಐಇಟಿಎಫ್' ಎಂಬ ಪದ ಮುಖ್ಯ. ಆ ಕಂಪನಿಯದೇ ಆದ ಹಳೆಯ ವಿಧಾನವೊಂದೂ ಇದ್ದು, ಅದಕ್ಕೆ 'ಎನ್‌ಎಸ್‌ಎಫ್ ಸಿಸ್ಕೊ' ಎಂದು ಹೆಸರು. ಬೇರೆ ಬೇರೆ ಕಂಪನಿಗಳ ಯಂತ್ರಗಳು ಬೆರೆತಿರುವಲ್ಲಿ, ನಮ್ಮಂತಹವರಲ್ಲಿ ಹೆಚ್ಚಾಗಿ ಹಾಗೆಯೇ ಇರುತ್ತದೆ, ಎಲ್ಲರೂ ಒಪ್ಪಿದ ಐಇಟಿಎಫ್ ವಿಧಾನವನ್ನೇ ಆರಿಸಬೇಕು. ಅದೇ ಕಂಪನಿಯ ಎನ್‌ಎಕ್ಸ್-ಓಎಸ್‌ನಲ್ಲಿ ಈ ಸೌಲಭ್ಯ ಮೊದಲಿನಿಂದಲೇ ಚಾಲನೆಯಲ್ಲಿದ್ದು, ಅವಧಿ 60 ಸೆಕೆಂಡು ಇರುತ್ತದೆ. ಜುನಿಪರ್ ಯಂತ್ರಗಳಲ್ಲಿ 'ರೂಟಿಂಗ್-ಆಪ್ಷನ್ಸ್' ಎಂಬ ಭಾಗದಲ್ಲಿ 'ಗ್ರೇಸ್‌ಫುಲ್-ರೀಸ್ಟಾರ್ಟ್' ಎಂದು ಬರೆಯಬೇಕು.

ಸಹಾಯಕನ ಪಾತ್ರ ಐಒಎಸ್‌ನಲ್ಲಿಯೂ ಜುನಿಪರ್‌ನಲ್ಲಿಯೂ ತಾನಾಗಿಯೇ ಚಾಲನೆಯಲ್ಲಿರುತ್ತದೆ. ಆದರೆ ಎಫ್‌ಆರ್‌ಆರ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಡೆಯುವ ಅಗ್ಗದ ರೂಟರ್‌ಗಳನ್ನು ಈಗ ಅನೇಕರು ಬಳಸುತ್ತಿದ್ದಾರೆ. ಅದರಲ್ಲಿ ಓಎಸ್‌ಪಿಎಫ್‌ನ ಸಹಾಯಕ ಪಾತ್ರ ಮುಚ್ಚಿರುತ್ತದೆ. 'ಗ್ರೇಸ್‌ಫುಲ್-ರೀಸ್ಟಾರ್ಟ್ ಹೆಲ್ಪರ್ ಎನೇಬಲ್' ಎಂದು ಕೊಟ್ಟು ತೆರೆಯಬೇಕು. ಅಷ್ಟೇ ಅಲ್ಲದೆ ಪುನರಾರಂಭಕ್ಕೆ ಮುನ್ನ 'ಗ್ರೇಸ್‌ಫುಲ್-ರೀಸ್ಟಾರ್ಟ್ ಪ್ರಿಪೇರ್ ಐಪಿ ಓಎಸ್‌ಪಿಎಫ್' ಎಂದು ಕೈಯಾರೆ ಆಜ್ಞೆ ಕೊಡಬೇಕು, ಇಲ್ಲದಿದ್ದರೆ ಚೀಟಿ ಹೋಗುವುದೇ ಇಲ್ಲ. ಒಟ್ಟಿನಲ್ಲಿ ನಮ್ಮ ತುದಿಯನ್ನು ಮಾತ್ರ ಸಿದ್ಧಪಡಿಸಿ ನೆರೆಯವರನ್ನು ಕೇಳದಿದ್ದರೆ ಆ ಒಪ್ಪಂದಕ್ಕೆ ಒಂದೇ ಸಹಿ ಬಿದ್ದಂತಾಗುತ್ತದೆ.

ಅವಧಿ ಎಷ್ಟಿರಬೇಕು? ನನ್ನ ತಪ್ಪು ಇಲ್ಲಿಯೇ ಇದ್ದುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಟ್ಟಿಗೆ ರೀಲೋಡ್ ಆಗಲು ಎಷ್ಟು ಹೊತ್ತು ಬೇಕೆಂಬುದು ಇಲ್ಲಿಯ ಅಳತೆಯಲ್ಲ. ಸಾಗಣೆ ನಡೆಯುತ್ತಿರುವಾಗ ಓಎಸ್‌ಪಿಎಫ್ ತಂತ್ರಾಂಶ ಮಾತ್ರ ಎದ್ದು ನೆರೆಯವರೊಡನೆ ದಾಖಲೆ ಹೊಂದಿಸಿಕೊಳ್ಳಲು ಎಷ್ಟು ಬೇಕೋ ಅದನ್ನು ಗಡಿಯಾರ ಹಿಡಿದು ಅಳೆದು, ಅದರ ಎರಡರಷ್ಟು ಇರಿಸಿದರೆ ಸಾಕು. ನಮ್ಮಂತಹ ಚಿಕ್ಕ ಜಾಲಗಳಲ್ಲಿ 60ರಿಂದ 120 ಸೆಕೆಂಡು ಮೀರಬೇಕಾದ ಸಂದರ್ಭವನ್ನು ನಾನು ಕಂಡಿಲ್ಲ. ಅವಧಿಯನ್ನು 600ಕ್ಕೆ ಏರಿಸಬೇಕೆಂದು ಅನ್ನಿಸಿದರೆ ಆ ಯಂತ್ರಕ್ಕೆ ಈ ಪದ್ಧತಿ ಹೊಂದುವುದಿಲ್ಲವೆಂದೇ ತಿಳಿಯತಕ್ಕದ್ದು.

ಸಹಾಯಕನ ಕಡೆ 'ಸ್ಟ್ರಿಕ್ಟ್ ಎಲ್‌ಎಸ್‌ಎ ಚೆಕಿಂಗ್' ಎಂಬ ಆಯ್ಕೆ ಇರುತ್ತದೆ. ಕಾಯುತ್ತಿರುವಾಗ ಜಾಲದಲ್ಲಿ ಬೇರೆಡೆ ಏನಾದರೂ ಬದಲಾದರೆ, ಉದಾಹರಣೆಗೆ ಗೋದಾಮಿನ ದಾರಿ ಬಿದ್ದರೆ, ಗೋಡೆಯ ಹಳೆಯ ಪಟ್ಟಿಯನ್ನು ನಂಬುವಂತಿಲ್ಲವೆಂದು ಸಹಾಯಕನು ಕಾಯುವುದನ್ನು ಅಲ್ಲಿಗೇ ಬಿಡುತ್ತಾನೆ. ಇದನ್ನು ಮುಚ್ಚಿದರೆ ಹಳೆಯ ಪಟ್ಟಿಯಂತೆಯೇ ಗಂಟುಗಳು ಸುತ್ತುತ್ತ ಹೋಗುವ ಅಪಾಯವಿದೆ. ಅದನ್ನು ತೆರೆದೇ ಇಡಬೇಕೆಂಬುದು ನನ್ನ ಅಭಿಪ್ರಾಯ.

ಆತುರ ಮತ್ತು ತಾಳ್ಮೆ ಒಂದೇ ಮನೆಯಲ್ಲಿ

ಕೆಲವು ಕಡೆ ಬಿಎಫ್‌ಡಿ ಎಂಬ ಇನ್ನೊಂದು ಸೌಲಭ್ಯವನ್ನೂ ಅಳವಡಿಸಿರುತ್ತಾರೆ. ಇದು ಸೆಕೆಂಡಿಗೆ ಹಲವು ಬಾರಿ ನೆರೆಯವನ ನಾಡಿ ಹಿಡಿದು ನೋಡಿ, ಒಂದು ಸೆಕೆಂಡಿನೊಳಗೆ ಸಾವನ್ನು ಪತ್ತೆ ಹಚ್ಚುವ ವಿಧಾನ. ಗ್ರೇಸ್‌ಫುಲ್ ರೀಸ್ಟಾರ್ಟ್ ತಾಳ್ಮೆ, ಬಿಎಫ್‌ಡಿ ಆತುರ. ಬಿಎಫ್‌ಡಿಯೂ ಅದೇ ಪ್ರೊಸೆಸರ್ ಮೇಲೆ ಓಡುತ್ತಿದ್ದರೆ, ತಂತ್ರಾಂಶ ಪುನರಾರಂಭವಾದ ಕ್ಷಣವೇ ನಾಡಿ ನಿಂತು, ಗ್ರೇಸ್ ಚೀಟಿ ಕೈಯಲ್ಲಿದ್ದರೂ ನೆರೆಯವನು ಸಂಬಂಧ ಕಡಿಯುವ ಸಂಭವವಿದೆ. ಬಿಎಫ್‌ಡಿಯನ್ನು ಸಾಗಣೆ ಚಿಪ್‌ನಲ್ಲಿಯೇ ನಡೆಸುವ ದುಬಾರಿ ಯಂತ್ರಗಳಲ್ಲಿ ಈ ತೊಡಕಿಲ್ಲ.

ನಾನು ಈಗ ಅನುಸರಿಸುವ ಕ್ರಮ ಇಷ್ಟು. ಪರ್ಯಾಯ ದಾರಿ ಇದ್ದು ಯಂತ್ರ ಒಂದೇ ಪೆಟ್ಟಿಗೆಯದಾಗಿದ್ದರೆ ಆತುರವನ್ನು ಆರಿಸುತ್ತೇನೆ, ಏಕೆಂದರೆ ತಿರುಗಲು ದಾರಿಯಿದೆ. ಜೋಡಿ ಕಾರ್ಡಿನ ಯಂತ್ರವಾಗಿದ್ದರೆ ತಾಳ್ಮೆ. ಒಂದು ಶಾಖೆಗೆ ಹೋಗಲು ಆ ಯಂತ್ರವನ್ನು ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದಲ್ಲಿ ಸಹಾಯಕ ಪಾತ್ರವನ್ನು ನಿಶ್ಚಿಂತೆಯಿಂದ ತೆರೆದಿಡಬಹುದು. ಕಾಯದೆ ಮಾಡುವುದಾದರೂ ಏನು?

ಬಿಜಿಪಿ ಇರುವವರಿಗೆ ಎರಡು ಮಾತು

ತಮ್ಮದೇ ಎಎಸ್ ಸಂಖ್ಯೆ ಪಡೆದು ಇಬ್ಬರು ಸೇವಾದಾರರೊಡನೆ ಬಿಜಿಪಿ ನಡೆಸುವ ಸದಸ್ಯರು ಕೆಲವರೇ ಇರಬಹುದು. ಅವರಿಗೆ ಅನ್ವಯಿಸುವುದು 2007ರ ಆರ್‌ಎಫ್‌ಸಿ 4724. ಇಲ್ಲಿ ಮುನ್ಸೂಚನೆಯ ಚೀಟಿ ಇಲ್ಲ. ಸಂಪರ್ಕ ಮೊದಲು ಏರ್ಪಡುವಾಗಲೇ 'ನಾನು ಬಿದ್ದರೆ ಇಷ್ಟು ಸೆಕೆಂಡು ಕಾಯಿರಿ' ಎಂದು ಎರಡೂ ಕಡೆ ಹೇಳಿಕೊಂಡಿರುತ್ತಾರೆ. ಆದ್ದರಿಂದ ನಡೆಯುತ್ತಿರುವ ಸಂಪರ್ಕದಲ್ಲಿ ಇದನ್ನು ಹೊಸದಾಗಿ ಸೇರಿಸಿದರೆ ಆ ಸಂಪರ್ಕವನ್ನು ಒಮ್ಮೆ ಕಡಿದು ಪುನಃ ಸ್ಥಾಪಿಸುವವರೆಗೆ ಅದು ಜಾರಿಗೆ ಬರುವುದಿಲ್ಲ. ಈ ಕೆಲಸಕ್ಕೆ ರಾತ್ರಿಯ ಹೊತ್ತು ಗೊತ್ತುಮಾಡಬೇಕು. ಐಒಎಸ್‌ನಲ್ಲಿ ಕಾಯುವ ಅವಧಿ 120 ಸೆಕೆಂಡು, ಹಳೆಯ ಮಾರ್ಗಗಳನ್ನು ಉಳಿಸಿಕೊಳ್ಳುವ ಅವಧಿ 360 ಸೆಕೆಂಡು ಎಂದು ಮೊದಲಿನಿಂದ ಇರುತ್ತದೆ. ಪುನರಾರಂಭವಾದ ಯಂತ್ರವು 'ನನ್ನ ಸಾಗಣೆ ಪಟ್ಟಿ ಉಳಿದಿಲ್ಲ' ಎಂದು ಪ್ರಾಮಾಣಿಕವಾಗಿ ಹೇಳಿದರೆ ನೆರೆಯವನು ಹಳೆಯ ಮಾರ್ಗಗಳನ್ನು ತಕ್ಷಣ ಅಳಿಸುತ್ತಾನೆ. ಆದರೆ ಹಾಗೆ ಹೇಳಲು ಅದು ಮೊದಲು ಎದ್ದು ಬರಬೇಕಲ್ಲ! 2019ರ ಆರ್‌ಎಫ್‌ಸಿ 8538 ಬಂದ ಮೇಲೆ, ಅದಕ್ಕೆ ಎರಡೂ ಕಡೆ ಒಪ್ಪಿಗೆಯಿದ್ದಲ್ಲಿ, ಹೋಲ್ಡ್ ಅವಧಿ ಮುಗಿದು ಸಂಪರ್ಕ ಕಡಿದಾಗಲೂ ಮಾರ್ಗಗಳನ್ನು ಉಳಿಸಿಕೊಳ್ಳುವ ಸಾಧ್ಯತೆ ಸೇರಿದೆ. ಸೇವಾದಾರರ ಕಡೆ ಏನು ಅಳವಡಿಸಿದ್ದಾರೆಂದು ಕೇಳಿ ತಿಳಿದುಕೊಳ್ಳಬೇಕು.

ಪರೀಕ್ಷೆ ಮತ್ತು ಪರ್ಯಾಯ

ಅಳವಡಿಸಿದ ಮೇಲೆ ಪರೀಕ್ಷಿಸದೆ ಬಿಡಬಾರದು. ಭಾನುವಾರ ಕಾರ್ಖಾನೆಯ ಒಂದು ಗಣಕದಿಂದ ಸರ್ವರ್‌ಗೆ ಸೆಕೆಂಡಿಗೊಂದರಂತೆ ಪಿಂಗ್ ಹಚ್ಚಿಟ್ಟು, ಮುಖ್ಯ ಕಾರ್ಡಿನಿಂದ ಜೋಡಿ ಕಾರ್ಡಿಗೆ ಕೆಲಸ ವರ್ಗಾಯಿಸಿ, ಎಷ್ಟು ಉತ್ತರ ತಪ್ಪಿದವೆಂದು ಎಣಿಸಬೇಕು. ನೆರೆಯ ಯಂತ್ರದ ದಾಖಲೆಯಲ್ಲಿ ಅದು ಸಹಾಯಕನಾಗಿ ಕಾದುದು ನಮೂದಾಗಿದೆಯೇ ಎಂದೂ ನೋಡಬೇಕು. 'ಕ್ಲಿಯರ್ ಐಪಿ ಓಎಸ್‌ಪಿಎಫ್ ಪ್ರೊಸೆಸ್' ಎಂಬ ಆಜ್ಞೆ ಕೊಟ್ಟು ಪರೀಕ್ಷೆ ಆಯಿತೆನ್ನುವ ತಂತ್ರಜ್ಞರಿದ್ದಾರೆ. ಆ ಆಜ್ಞೆ ನೆರೆಯ ಸಂಬಂಧಗಳನ್ನು ಬೇಕೆಂದೇ ಕಡಿಯುವಂತಹುದು. ಅದರಿಂದ ಏನೂ ಸಿದ್ಧವಾಗುವುದಿಲ್ಲ. ಪ್ರಶ್ನೆಯಲ್ಲಿರುವ ಸ್ವಿಚ್‌ನ ವಿದ್ಯುತ್ ತಂತಿಯನ್ನು ಒಮ್ಮೆ ಕಿತ್ತು, ಪರ್ಯಾಯ ದಾರಿಗೆ ತಿರುಗಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದಿಟ್ಟುಕೊಳ್ಳುವುದೂ ಅಷ್ಟೇ ಅವಶ್ಯಕ.

ಒಂದೇ ಪೆಟ್ಟಿಗೆ ಇರುವವರು ಹೊಸ ತಂತ್ರಾಂಶ ಹಾಕಬೇಕಾದಾಗ ಮಾಡಬಹುದಾದ ಸರಳ ಕೆಲಸವೊಂದಿದೆ. ನಾನು ಆ ಶನಿವಾರ ಮಾಡಬೇಕಾಗಿದ್ದುದೂ ಅದನ್ನೇ. ರೀಲೋಡ್‌ಗೆ ಮುನ್ನ 'ಮ್ಯಾಕ್ಸ್-ಮೆಟ್ರಿಕ್ ರೂಟರ್-ಎಲ್‌ಎಸ್‌ಎ' ಎಂಬ ಆಜ್ಞೆ ಕೊಟ್ಟರೆ ಆ ಸ್ವಿಚ್ ತನ್ನ ದಾರಿಗಳ ವೆಚ್ಚ 65535 ಎಂದು, ಅಂದರೆ ಹೇಳಬಹುದಾದ ಅತಿ ಹೆಚ್ಚಿನ ಬೆಲೆಯನ್ನು ಸಾರುತ್ತದೆ. ಅಷ್ಟು ದುಬಾರಿ ದಾರಿ ಬೇಡವೆಂದು ನೆರೆಯವರು ತಾವಾಗಿಯೇ ಪರ್ಯಾಯ ದಾರಿಗೆ ತಿರುಗುತ್ತಾರೆ. ಈ ಪದ್ಧತಿಯನ್ನು 2001ರ ಆರ್‌ಎಫ್‌ಸಿ 3137ರಲ್ಲಿ ಹೇಳಿದ್ದು, 2013ರ ಆರ್‌ಎಫ್‌ಸಿ 6987 ಅದರ ಸ್ಥಾನದಲ್ಲಿ ಬಂದಿದೆ. ಸಂಚಾರ ಖಾಲಿಯಾದುದನ್ನು ಕಣ್ಣಾರೆ ನೋಡಿ ಆನಂತರ ರೀಲೋಡ್ ಮಾಡಿದರೆ ಏಳು ನಿಮಿಷವಲ್ಲ, ಅರ್ಧ ಗಂಟೆ ಹಿಡಿದರೂ ಯೋಚನೆಯಿಲ್ಲ. ಅದೇ ಆಜ್ಞೆಗೆ 'ಆನ್-ಸ್ಟಾರ್ಟಪ್ 300' ಎಂದು ಸೇರಿಸಿ ಮೊದಲೇ ಉಳಿಸಿಟ್ಟಿದ್ದರೆ, ಸ್ವಿಚ್ ಎದ್ದ ನಂತರವೂ ಐದು ನಿಮಿಷ ದುಬಾರಿಯಾಗಿಯೇ ಉಳಿದು, ಪೂರ್ತಿ ಸಿದ್ಧವಾದ ಮೇಲೆ ಸಂಚಾರವನ್ನು ಮರಳಿ ಪಡೆಯುತ್ತದೆ.

ಅದೇ ವರ್ಷ ಜೂನ್‌ನಲ್ಲಿ ಆ ಕಚೇರಿಯ ಸ್ವಿಚ್‌ಗೆ ಮತ್ತೊಂದು ಆವೃತ್ತಿ ಹಾಕಬೇಕಾಗಿ ಬಂತು. ಮಾಲೀಕರು ನನ್ನನ್ನೇ ಕರೆದರು. ಗ್ರೇಸ್‌ಫುಲ್ ರೀಸ್ಟಾರ್ಟ್ ಅನ್ನು ಆ ಪೆಟ್ಟಿಗೆಯಲ್ಲಿ ಸಹಾಯಕನ ಪಾತ್ರಕ್ಕೆ ಮಾತ್ರ ಉಳಿಸಿ, ಬೆಲೆ ಏರಿಸುವ ಕ್ರಮದಲ್ಲಿ ಕೆಲಸ ಮಾಡಿದೆವು. ಕುಂಬಳಗೋಡಿನಲ್ಲಿ ರವಾನೆ ವಿಭಾಗದ ಹುಡುಗನೊಬ್ಬನು ಪಿಂಗ್ ನೋಡುತ್ತ ಫೋನಿನಲ್ಲಿದ್ದ. ದಾರಿ ತಿರುಗುವಾಗ ಎರಡು ಉತ್ತರ ತಪ್ಪಿದವು, ಮರಳುವಾಗ ಒಂದು. ಆ ಎರಡೂ ಸಂಖ್ಯೆಗಳನ್ನು ದಿನಾಂಕ ಸಹಿತ ಬರೆದ ಹಾಳೆಯನ್ನು ಸರ್ವರ್ ಕೊಠಡಿಯ ಬಾಗಿಲ ಒಳಬದಿಗೆ ಅಂಟಿಸಿದ್ದಾರೆ. ಅದರ ಕೆಳಗೆ ಮಾರ್ಚ್ ತಿಂಗಳ ಹಾಳೆಯೂ ಇದೆ.